‘ಈ ಕಥೆಯ ನೀತಿ ಏನು?’ ಎಂದು ಕೇಳುವ ಮೊದಲು: ದಯೆ, ಒಪ್ಪಿಕೊಳ್ಳುವ ಗುಣ, ಆತ್ಮವಿಶ್ವಾಸದ ಪುಸ್ತಕಗಳನ್ನು ಮಕ್ಕಳಿಗೆ ಓದಿ ಹೇಳುವ ಸಮಗ್ರ ಮಾರ್ಗದರ್ಶಿ

ಮೈಸೂರು, ಮಂಡ್ಯ ಕಡೆಯ ಅಪ್ಪ ಅಮ್ಮಂದಿರು, ಅಂಗನವಾಡಿ ಕಾರ್ಯಕರ್ತೆಯರು, ಪ್ರಾಥಮಿಕ ಶಾಲೆಯ ಮೇಡಂಗಳು ನನ್ನ ಹತ್ತಿರ ಒಂದೇ ದೂರನ್ನು ಬೇರೆ ಬೇರೆ ಮಾತಿನಲ್ಲಿ ಹೇಳುತ್ತಾರೆ. ‘ಹಂಚಿಕೊಂಡು ತಿನ್ನೋದರ ಬಗ್ಗೆ ಒಳ್ಳೆ ಪುಸ್ತಕ ತಂದೆ, ಓದಿ ಹೇಳಿದೆ, ಮಗು ಗಮನವಿಟ್ಟು ಕೇಳ್ತು, ನೀತಿ ಕೇಳಿದ್ರೆ ಪಟಪಟ ಅಂತ ಹೇಳ್ತು. ಹತ್ತು ನಿಮಿಷ ಆಗಿಲ್ಲ, ತಂಗಿ ಕೈಲಿದ್ದ ಬಿಸ್ಕತ್ತು ಕಿತ್ಕೊಂಡ್ತು.’

ಮಗುವಿಗೆ ಬುದ್ಧಿ ಕಡಿಮೆ ಎಂದಲ್ಲ, ಪುಸ್ತಕ ಕೆಟ್ಟದ್ದು ಎಂದೂ ಅಲ್ಲ. ಹೆಚ್ಚಿನ ಕಡೆ ಎಡವಟ್ಟಾಗುವುದು ಕ್ರಮದಲ್ಲಿ. ನಾವು ನೀತಿಯನ್ನು ಮೊದಲೇ ಕೈಯಲ್ಲಿ ಹಿಡಿದು, ಅದನ್ನು ಹೇಳಲಿಕ್ಕೆ ಕಥೆಯನ್ನು ನೆಪ ಮಾಡಿಕೊಳ್ಳುತ್ತೇವೆ. ಮಗುವಿಗೆ ಅದು ತಕ್ಷಣ ಗೊತ್ತಾಗುತ್ತದೆ. ಅದು ಕಥೆಯ ಒಳಗೆ ಹೋಗುವುದನ್ನು ಬಿಟ್ಟು, ದೊಡ್ಡವರಿಗೆ ಯಾವ ಉತ್ತರ ಬೇಕು ಎಂದು ಹುಡುಕಲು ತೊಡಗುತ್ತದೆ. ಆಗಬೇಕಾದ ಕ್ರಮ ಬೇರೆ: ಮೊದಲು ಮಗುವಿಗೆ ಪಾತ್ರದ ಸಂಕಟ ತಾಕಬೇಕು, ಆಮೇಲೆ ಅದರ ಬಗ್ಗೆ ಅದು ತನ್ನ ಮಾತಿನಲ್ಲಿ ಏನಾದರೂ ಹೇಳಬೇಕು, ಆಮೇಲೆ ಮನೆಯಲ್ಲೋ ಶಾಲೆಯಲ್ಲೋ ಮಾಡಿನೋಡಲು ಒಂದು ಸಣ್ಣ ಅವಕಾಶ ಸಿಗಬೇಕು. ನೀತಿವಾಕ್ಯ ಬಾಯಲ್ಲಿ ಬಾರದೆ ಹೋದರೂ ನಡೆಯುತ್ತದೆ.

ಈ ಮಾರ್ಗದರ್ಶಿ ಸುಮಾರು 3ರಿಂದ 9 ವರ್ಷದ ಮಕ್ಕಳಿಗೆ ಓದಿ ಹೇಳುವವರಿಗೆ. ಹಂತಗಳನ್ನು ಹಿಂದೆಮುಂದೆ ಮಾಡಬೇಡಿ. ಬಹುಪಾಲು ಜನ ನೇರವಾಗಿ 5ನೇ ಹಂತಕ್ಕೆ ಬಂದು ಕೂರುತ್ತಾರೆ, ಅಲ್ಲಿಂದಲೇ ತೊಂದರೆ ಶುರುವಾಗುತ್ತದೆ.

ಬೇಕಾಗುವ ಸಾಮಾನು

ಪುಸ್ತಕ, ಒಂದು ಪೆನ್ಸಿಲ್, ಪುಟದ ನಡುವೆ ಇಡಲು ನಾಲ್ಕೈದು ಕಾಗದದ ಚೀಟಿ, ಬರೆದಿಟ್ಟುಕೊಳ್ಳಲು ಸಣ್ಣ ನೋಟ್‌ಬುಕ್, ಕೂರಲು ಚಾಪೆ, ಚಿತ್ರ ಸ್ಪಷ್ಟವಾಗಿ ಕಾಣುವಷ್ಟು ಬೆಳಕು. ಮೊಬೈಲಿನಲ್ಲಿ ಓದುವುದಾದರೆ ಕಥೆಯನ್ನು ಮೊದಲೇ ಇಳಿಸಿಕೊಂಡು ಇಂಟರ್ನೆಟ್ ಆರಿಸಿಬಿಡಿ. ಕಥೆಯ ನಡುವೆ ಒಂದು ವಾಟ್ಸಾಪ್ ಸದ್ದು ಬಂದರೂ ಮಗುವಿನ ಕಣ್ಣು ಚಿತ್ರದಿಂದ ಹೊರಗೆ ಬಂದುಬಿಡುತ್ತದೆ. ಗುಂಪಿಗೆ ಓದುವುದಾದರೆ ಒಂದು ಪುಸ್ತಕದ ಸುತ್ತ ಹತ್ತು ಹನ್ನೆರಡು ಮಕ್ಕಳಿಗಿಂತ ಹೆಚ್ಚು ಬೇಡ. ಹಿಂದೆ ಕೂತವರಿಗೆ ಚಿತ್ರ ಕಾಣದಿದ್ದರೆ ಅವರಿಗೆ ಕಥೆಯೂ ತಲುಪುವುದಿಲ್ಲ.

ಹಂತ 1: ಮೊದಲು ಮಗುವನ್ನು ಗಮನಿಸಿ, ಒಂದೇ ವಿಷಯ ಆರಿಸಿ

ದಯೆ, ಬೇರೆಯವರನ್ನು ಇದ್ದ ಹಾಗೇ ಒಪ್ಪಿಕೊಳ್ಳುವುದು, ತನ್ನ ಮೇಲೆ ತನಗೆ ನಂಬಿಕೆ. ಈ ಮೂರನ್ನೂ ‘ಒಳ್ಳೆಯ ಗುಣ’ ಎಂಬ ಒಂದೇ ಚೀಲಕ್ಕೆ ತುಂಬಬೇಡಿ. ಇವು ಮೂರು ಬೇರೆ ಕೆಲಸಗಳು. ತಂಗಿಯ ಆಟಿಕೆ ಕಿತ್ತುಕೊಳ್ಳುವ ಮಗುವಿಗೆ ಬೇಕಾದ ಕಥೆ ಬೇರೆ, ‘ಅವ್ನು ಕರಿಯ, ನಾನು ಅವನ ಪಕ್ಕ ಕೂರಲ್ಲ’ ಎನ್ನುವ ಮಗುವಿಗೆ ಬೇಕಾದ ಕಥೆ ಬೇರೆ, ಗೊತ್ತಿದ್ದೂ ಕೈ ಎತ್ತದ ಮಗುವಿಗೆ ಬೇಕಾದ ಕಥೆ ಬೇರೆ.

ಒಂದು ವಾರ ಸುಮ್ಮನೆ ನೋಡಿ. ತಿದ್ದಬೇಡಿ, ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ. ಬರೆಯುವಾಗ ‘ಸ್ವಾರ್ಥಿ’, ‘ಪುಕ್ಕಲು’ ಎಂದು ಹಣೆಪಟ್ಟಿ ಹಚ್ಚದೆ ನಡೆದದ್ದನ್ನಷ್ಟೇ ಬರೆಯಿರಿ: ‘ಪಕ್ಕದ ಮನೆ ಹುಡುಗ ಸೈಕಲ್ ಕೇಳಿದಾಗ ಒಳಗೆ ಓಡಿಹೋದ’, ‘ಅಜ್ಜಿ ಬಿದ್ದಾಗ ನಕ್ಕಳು, ಆಮೇಲೆ ಹೋಗಿ ಕೈ ಹಿಡಿದಳು’. ವಾರದ ಕೊನೆಗೆ ಯಾವ ಸಾಲು ಮತ್ತೆ ಮತ್ತೆ ಬಂದಿದೆಯೋ ಅದೇ ನಿಮ್ಮ ವಿಷಯ.

ಈ ಹಂತದ ದೊಡ್ಡ ತಪ್ಪು: ಮನೆಯ ದೊಡ್ಡವರ ಮಾತನ್ನು ಲೆಕ್ಕಕ್ಕೆ ತಗೊಳ್ಳದೆ ಇರುವುದು. ಮಗು ‘ಡುಮ್ಮ’, ‘ಸೋಡಾಬುಡ್ಡಿ’, ‘ತೊದಲ’ ಎಂಬ ಮಾತುಗಳನ್ನು ಎಲ್ಲಿಂದ ತಂದಿತು ಎಂದು ನೋಡಿ. ಮನೆಯಲ್ಲೇ ಅದು ಪ್ರೀತಿಯ ಅಡ್ಡಹೆಸರಾಗಿ ಓಡಾಡುತ್ತಿದ್ದರೆ ಮೊದಲು ಅದು ನಿಲ್ಲಬೇಕು. ಕಥೆ ಒಂದು ಹೇಳಿ ಮನೆ ಇನ್ನೊಂದು ಹೇಳಿದರೆ ಮಗು ಮನೆಯನ್ನೇ ನಂಬುತ್ತದೆ.

ಹಂತ 2: ಪುಸ್ತಕ ಆರಿಸುವುದು

ಅರ್ಧ ಸೋಲು ಆಗುವುದು ಇಲ್ಲೇ, ಹಾಗಾಗಿ ಇಲ್ಲಿ ನಿಧಾನ ಮಾಡಿ. ‘ಮಕ್ಕಳಲ್ಲಿ ಮಾನವೀಯ ಮೌಲ್ಯ ಬೆಳೆಸುವ ಕಥೆಗಳು’ ಎಂದು ರಟ್ಟಿನ ಮೇಲೆ ಬರೆದಿದೆ ಎಂದು ಕೊಳ್ಳಬೇಡಿ. ಅಂಗಡಿಯಲ್ಲೋ ಗ್ರಂಥಾಲಯದಲ್ಲೋ ನಿಂತು ಪೂರ್ತಿ ಓದಿ. ಚಿತ್ರಪುಸ್ತಕ ಓದಲು ಐದು ನಿಮಿಷ ಸಾಕು.

ಓದುವಾಗ ಮೊದಲು ಕೇಳಿಕೊಳ್ಳಬೇಕಾದ್ದು: ಕಷ್ಟವನ್ನು ಬಿಡಿಸಿದವರು ಯಾರು? ಕೊನೆಯಲ್ಲಿ ಮೇಷ್ಟ್ರು ಬಂದು ಬುದ್ಧಿ ಹೇಳಿ ಎಲ್ಲ ಸರಿಯಾದರೆ, ಅಥವಾ ದೇವತೆ ಪ್ರತ್ಯಕ್ಷಳಾಗಿ ವರ ಕೊಟ್ಟರೆ, ಆ ಪುಸ್ತಕ ಆತ್ಮವಿಶ್ವಾಸಕ್ಕೆ ಬರುವುದಿಲ್ಲ. ಕಥೆಯ ಮಗು ತಾನೇ ಏನಾದರೂ ಮಾಡಬೇಕು, ಸಣ್ಣದಾದರೂ ಸರಿ, ಒಂದೆರಡು ಸಲ ಸೋತು ಮಾಡಿದರೆ ಇನ್ನೂ ಒಳ್ಳೆಯದು.

ಎರಡನೆಯದು ನನಗೆ ಎಲ್ಲಕ್ಕಿಂತ ಮುಖ್ಯ. ಬೇರೆ ಥರ ಇರುವ ಮಗುವನ್ನು ಉಳಿದವರು ಯಾವಾಗ ಸೇರಿಸಿಕೊಳ್ಳುತ್ತಾರೆ ನೋಡಿ. ಎಷ್ಟೋ ಕಥೆಗಳಲ್ಲಿ ಕಾಲು ಸರಿಯಿಲ್ಲದ ಹುಡುಗನನ್ನು ಎಲ್ಲರೂ ಗೇಲಿ ಮಾಡುತ್ತಾರೆ. ಒಂದು ದಿನ ಅವನು ಬಾವಿಗೆ ಬಿದ್ದ ಮಗುವನ್ನು ಉಳಿಸುತ್ತಾನೆ, ಆಮೇಲೆ ಎಲ್ಲರೂ ಸ್ನೇಹಿತರಾಗುತ್ತಾರೆ. ಕಪ್ಪಗಿರುವ ಹುಡುಗಿ ರಾಜ್ಯಮಟ್ಟದ ಬಹುಮಾನ ಗೆದ್ದಮೇಲೆ ಅವಳ ಬಣ್ಣ ಯಾರಿಗೂ ಕಾಣುವುದಿಲ್ಲ. ಓದುವಾಗ ಕಣ್ಣು ತುಂಬಿ ಬರುತ್ತದೆ, ನಿಜ. ಆದರೆ ಇದನ್ನು ಕೇಳುವ ಮಗು ಕಲಿಯುವುದೇನು? ನಾಲ್ಕು ಜನ ಹತ್ತಿರ ಸೇರಿಸಬೇಕಾದರೆ ನಾನು ಏನಾದರೂ ದೊಡ್ಡದು ಮಾಡಿ ತೋರಿಸಬೇಕು ಎಂದು. ಸಾಧನೆ ಮಾಡದ ಮಗುವಿಗೂ ಪಕ್ಕದಲ್ಲಿ ಕೂರುವ ಹಕ್ಕಿದೆ. ಏನೂ ಸಾಧಿಸದೆ, ಯಾರನ್ನೂ ಉಳಿಸದೆ, ಸುಮ್ಮನೆ ಇದ್ದ ಹಾಗೇ ಆಟಕ್ಕೆ ಸೇರಿಸಿಕೊಳ್ಳುವ ಕಥೆ ಹುಡುಕಿ. ಕಷ್ಟ, ಆದರೆ ಸಿಗುತ್ತವೆ. ಕೊನೆಯಲ್ಲಿ ಆ ಬೇರೆತನವೇ ಮಾಯವಾಗುವ ಕಥೆಗಳನ್ನು, ಅಂದರೆ ಕಪ್ಪು ಹೋಗಿ ಬೆಳ್ಳಗಾಯಿತು, ತೊದಲು ನಿಂತುಹೋಯಿತು ಎಂಬಂಥವನ್ನು, ಅಲ್ಲೇ ಶೆಲ್ಫಿನಲ್ಲಿ ಬಿಡಿ.

ಮೂರನೆಯದು ಶಿಕ್ಷೆ. ಕೆಟ್ಟದ್ದು ಮಾಡಿದವನಿಗೆ ಕೆಟ್ಟದ್ದಾಯಿತು ಎಂಬ ಕಥೆಗಳು ನಮ್ಮಲ್ಲಿ ರಾಶಿ ರಾಶಿ ಇವೆ. 2014ರಲ್ಲಿ ಕೆನಡಾದ ಟೊರಾಂಟೊ ವಿಶ್ವವಿದ್ಯಾಲಯದ ಸಂಶೋಧಕ ಕಾಂಗ್ ಲೀ ಮತ್ತು ಜೊತೆಗಾರರು ಪ್ರಕಟಿಸಿದ ಅಧ್ಯಯನವೊಂದರಲ್ಲಿ 3ರಿಂದ 7 ವರ್ಷದ ಮಕ್ಕಳಿಗೆ ಬೇರೆ ಬೇರೆ ಕಥೆ ಓದಿ, ಆಮೇಲೆ ಅವರು ನಿಜ ಹೇಳುತ್ತಾರೋ ಇಲ್ಲವೋ ನೋಡಿದರು. ಸುಳ್ಳು ಹೇಳಿ ಅನುಭವಿಸಿದವನ ಕಥೆ ಮಕ್ಕಳನ್ನು ಬದಲಿಸಲಿಲ್ಲ. ನಿಜ ಹೇಳಿ ಮೆಚ್ಚುಗೆ ಪಡೆದವನ ಕಥೆ ಕೇಳಿದವರು ಹೆಚ್ಚು ನಿಜ ಹೇಳಿದರು. ಹಾಗಾಗಿ ದಯೆಯ ಕಥೆ ಬೇಕೆಂದರೆ ದಯೆ ತೋರಿದಾಗ ಏನು ಚೆನ್ನಾಯಿತು ಎಂದು ಕಾಣಿಸುವ ಕಥೆ ತನ್ನಿ, ಕ್ರೂರಿ ಹೇಗೆ ಹಾಳಾದ ಎಂದು ಹೇಳುವುದನ್ನಲ್ಲ.

ನಾಲ್ಕನೆಯದು ಪ್ರಾಣಿ ಪಾತ್ರಗಳು. ಮೊಲ, ಆಮೆ, ನರಿ ಇಲ್ಲದೆ ನಮ್ಮ ಮಕ್ಕಳ ಪುಸ್ತಕವೇ ಇಲ್ಲ. ಅವನ್ನು ಬಿಡಿ ಎನ್ನುತ್ತಿಲ್ಲ. ಆದರೆ ಟೊರಾಂಟೊದಲ್ಲೇ ನಡೆದು 2017ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ, ಹಂಚಿಕೊಳ್ಳುವ ಕಥೆಯನ್ನು ಮನುಷ್ಯ ಪಾತ್ರಗಳ ಮೂಲಕ ಕೇಳಿದ 4ರಿಂದ 6 ವರ್ಷದ ಮಕ್ಕಳು ತಮ್ಮ ಸ್ಟಿಕ್ಕರುಗಳನ್ನು ಹೆಚ್ಚು ಹಂಚಿಕೊಂಡರು. ಅದೇ ಕಥೆಯನ್ನು ಬಟ್ಟೆ ತೊಟ್ಟ ಪ್ರಾಣಿಗಳ ಮೂಲಕ ಕೇಳಿದವರಲ್ಲಿ ಆ ಬದಲಾವಣೆ ಕಾಣಲಿಲ್ಲ. ನಗಿಸಲು, ಭಾಷೆ ಕಲಿಸಲು ನರಿ ಇರಲಿ. ಒಂದು ನಡತೆ ಬದಲಾಗಬೇಕು ಎಂದಾಗ ಮಗುವಿನಂಥದೇ ಮಗು ಇರುವ ಪುಸ್ತಕ ತಗೊಳ್ಳಿ.

ಕೊನೆಗೆ ಚಿತ್ರ ನೋಡಿ. ಕೆಟ್ಟವನೆಲ್ಲ ಕಪ್ಪು, ಒಳ್ಳೆಯವರೆಲ್ಲ ಗುಲಾಬಿ ಬಣ್ಣ ಆಗಿದ್ದರೆ ಮಾತು ಏನೇ ಹೇಳಲಿ, ಚಿತ್ರ ತನ್ನ ಪಾಠ ಹೇಳಿಬಿಟ್ಟಿರುತ್ತದೆ. ಅಮೆರಿಕದ ವಿದ್ವಾಂಸೆ ರೂಡಿನ್ ಸಿಮ್ಸ್ ಬಿಷಪ್ 1990ರಲ್ಲಿ ಬರೆದ ಮಾತು ಈಗ ಮಕ್ಕಳ ಪುಸ್ತಕದವರಿಗೆಲ್ಲ ಗೊತ್ತು: ಪುಸ್ತಕ ಕೆಲವರಿಗೆ ಕನ್ನಡಿ, ಕೆಲವರಿಗೆ ಕಿಟಕಿ. ಮೈಸೂರಿನ ಕುವೆಂಪುನಗರದ ಮಗುವಿಗೆ ಎಚ್.ಡಿ. ಕೋಟೆಯ ಆದಿವಾಸಿ ಹಾಡಿಯ ಮಗುವಿನ ಕಥೆ ಕಿಟಕಿ, ಹಾಡಿಯ ಮಗುವಿಗೆ ಅದೇ ಕನ್ನಡಿ. ಮನೆಯ ಪುಸ್ತಕಗಳಲ್ಲಿ ಎರಡೂ ಇವೆಯೇ ನೋಡಿಕೊಳ್ಳಿ.

ಗೋವಿನ ಹಾಡನ್ನು ದಯೆ ಕಲಿಸಲು ಬಳಸಬಹುದೇ ಎಂದು ಎಲ್ಲರೂ ಕೇಳುತ್ತಾರೆ. ಅದು ಮಾತಿಗೆ ತಪ್ಪದಿರುವುದರ ಹಾಡು. ಹಸು ಪ್ರಾಣ ಕೊಡಲು ಬರುತ್ತದೆ, ಹುಲಿ ಪ್ರಾಣ ಬಿಡುತ್ತದೆ. ಹಾಡಿ, ಅಳಿ, ಮಕ್ಕಳೂ ಅಳಲಿ. ಆದರೆ ಸಣ್ಣ ಮಗುವಿಗೆ ‘ದಯೆ ಎಂದರೆ ನಿನ್ನನ್ನೇ ಕೊಟ್ಟುಬಿಡುವುದು’ ಎಂದು ಇದರಿಂದ ವಿವರಿಸಬೇಡಿ. ದಯೆ ಇರುವ ಮಗುವಿಗೂ ‘ಬೇಡ’ ಎನ್ನುವ ಹಕ್ಕಿದೆ. ಯಾರು ಏನು ಕೇಳಿದರೂ ಕೊಡಬೇಕು, ಯಾರು ಕರೆದರೂ ಹೋಗಬೇಕು ಎಂದು ಕಲಿತ ಮಗು ಅಪಾಯದಲ್ಲಿರುತ್ತದೆ. ಹಂಚಿಕೊಳ್ಳುವುದನ್ನು ಹೇಳುವ ಪುಸ್ತಕ ಒಂದು ತಂದರೆ, ‘ಇಲ್ಲ’ ಎಂದು ಗಟ್ಟಿಯಾಗಿ ಹೇಳುವ ಮಗುವಿನ ಪುಸ್ತಕವೂ ಒಂದಿರಲಿ.

ಎಲ್ಲಿ ಸಿಗುತ್ತವೆ? ಪ್ರಥಮ್ ಬುಕ್ಸ್‌ನ ಸ್ಟೋರಿವೀವರ್ ಜಾಲತಾಣದಲ್ಲಿ ಕನ್ನಡ ಚಿತ್ರಕಥೆಗಳು ಉಚಿತವಾಗಿವೆ, ಓದುವ ಮಟ್ಟ 1ರಿಂದ 4ರವರೆಗೆ ಗುರುತು ಹಾಕಿದ್ದಾರೆ, ಇಳಿಸಿಕೊಂಡು ಮುದ್ರಿಸಬಹುದು. ಮುಕ್ತ ಪರವಾನಗಿ ಇರುವುದರಿಂದ ಲೇಖಕರ, ಚಿತ್ರಕಾರರ ಹೆಸರು ಉಳಿಸಿಕೊಂಡು ನಿಮ್ಮ ಊರಿನ ಮಾತಿಗೆ ತಿರುಗಿಸಲೂ ಬಹುದು. ಚೆನ್ನೈನ ತೂಲಿಕಾ, ನ್ಯಾಷನಲ್ ಬುಕ್ ಟ್ರಸ್ಟ್, ನವಕರ್ನಾಟಕ ಇವರ ಕನ್ನಡ ಮಕ್ಕಳ ಪುಸ್ತಕಗಳನ್ನು ಮೈಸೂರಿನ ದೊಡ್ಡ ಪುಸ್ತಕದಂಗಡಿಗಳಲ್ಲಿ ಕೇಳಿ. ಹಳ್ಳಿಯಲ್ಲಿರುವವರು ಗ್ರಾಮ ಪಂಚಾಯಿತಿ ಗ್ರಂಥಾಲಯಕ್ಕೆ, ಅಂದರೆ ಈಗಿನ ಅರಿವು ಕೇಂದ್ರಕ್ಕೆ ಹೋಗಿ. 2020ರಲ್ಲಿ ಶುರುವಾದ ‘ಓದುವ ಬೆಳಕು’ ಕಾರ್ಯಕ್ರಮದಡಿ ಅಲ್ಲಿ 6ರಿಂದ 18 ವರ್ಷದ ಮಕ್ಕಳಿಗೆ ಸದಸ್ಯತ್ವ ಉಚಿತ. ದುಡ್ಡು ಕೊಟ್ಟು ಹತ್ತು ಪುಸ್ತಕ ತಂದು ಸಾಲಾಗಿ ಜೋಡಿಸುವುದಕ್ಕಿಂತ ಒಂದನ್ನು ತಂದು ಹತ್ತು ಸಲ ಓದುವುದು ಉತ್ತಮ.

ಹಂತ 3: ಮೊದಲು ನೀವೊಬ್ಬರೇ ಓದಿ, ಚೀಟಿ ಇಡಿ

ವಿವರಿಸಲು ಅನುಕೂಲವಾಗಲಿ ಎಂದು ಒಂದು ಕಥೆ ಕಟ್ಟುತ್ತೇನೆ. ಮಂಡ್ಯದ ಹಳ್ಳಿಯೊಂದರ ಶಾಲೆಗೆ ಕಬ್ಬು ಕಡಿಯಲು ಬಂದ ಕುಟುಂಬದ ಹುಡುಗಿ ಹುಲಿಗೆಮ್ಮ ಸೇರುತ್ತಾಳೆ. ಅವರದು ಬಳ್ಳಾರಿ ಕಡೆ. ಬಿಸಿಯೂಟದ ಸಾಲಿನಲ್ಲಿ ‘ಇಲ್ಲಿ ಕುಂದ್ರಲೇನು?’ ಎಂದು ಕೇಳುತ್ತಾಳೆ. ಎಲ್ಲರೂ ‘ಕುಂದ್ರಲೇನಂತೆ!’ ಎಂದು ನಗುತ್ತಾರೆ. ಅವಳು ತಟ್ಟೆ ಹಿಡಿದು ಕಂಬದ ಪಕ್ಕ ಒಬ್ಬಳೇ ಕೂರುತ್ತಾಳೆ. ನಕ್ಕವರಲ್ಲಿ ಪುಟ್ಟಸ್ವಾಮಿಯೂ ಇದ್ದ. ಮಾರನೆಯ ದಿನ ಅವನ ಪಕ್ಕದ ಗೆಳೆಯ ಶಾಲೆಗೆ ಬಂದಿಲ್ಲ, ಜಾಗ ಖಾಲಿ.

ಇಂಥ ಕಥೆಯನ್ನು ಒಬ್ಬರೇ ಎರಡು ಸಲ ಓದಿ. ಮೊದಲ ಸಲ ಸುಮ್ಮನೆ. ಎರಡನೆಯ ಸಲ ಎರಡೇ ಕಡೆ ಚೀಟಿ ಇಡಿ: ಪಾತ್ರಕ್ಕೆ ನೋವಾಗುವ ಪುಟದಲ್ಲಿ ಒಂದು, ಪಾತ್ರ ಇನ್ನೂ ತೀರ್ಮಾನ ಮಾಡದ ಪುಟದಲ್ಲಿ ಇನ್ನೊಂದು. ಇಲ್ಲಿ ಕಂಬದ ಪಕ್ಕ ಕೂತ ಪುಟ ಮೊದಲನೆಯದು, ಖಾಲಿ ಜಾಗದ ಪುಟ ಎರಡನೆಯದು. ಪ್ರತಿ ಪುಟಕ್ಕೂ ಚೀಟಿ ಇಟ್ಟರೆ ಕಥೆ ಪರೀಕ್ಷೆಯಾಗುತ್ತದೆ.

ಇದೇ ಹೊತ್ತಿನಲ್ಲಿ ಪುಸ್ತಕದ ಭಾಷೆಯನ್ನೂ ಪೆನ್ಸಿಲಿನಲ್ಲಿ ಸಡಿಲ ಮಾಡಿಕೊಳ್ಳಿ. ‘ಅವನು ಬಹಳ ಖಿನ್ನನಾದನು’ ಎಂದಿದ್ದರೆ ‘ಅವನಿಗೆ ತುಂಬ ಬೇಜಾರಾಯ್ತು’ ಎಂದು ಓದಿ. ಮನೆಯಲ್ಲಿ ಆಡುವ ಮಾತಿನಲ್ಲಿ ಬಂದ ಸಂಕಟ ಮಗುವಿಗೆ ಬೇಗ ತಾಕುತ್ತದೆ. ಪ್ರಾಸವಿರುವ, ಹಾಡಿನಂತಿರುವ ಸಾಲುಗಳನ್ನು ಮಾತ್ರ ಮುಟ್ಟಬೇಡಿ. ಗ್ರಂಥಾಲಯದ ಪುಸ್ತಕವಾದರೆ ಪುಟದ ಮೇಲೆ ಬರೆಯದೆ ಚೀಟಿಯಲ್ಲೇ ಬರೆದಿಡಿ.

ಹಂತ 4: ಹೊತ್ತು ಗೊತ್ತುಮಾಡಿ

ಜಗಳವಾದ ತಕ್ಷಣ ಪುಸ್ತಕ ತೆಗೆಯಬೇಡಿ. ‘ತಂಗಿಗೆ ಹೊಡೆದೆ ತಾನೆ, ಬಾ, ಈ ಕಥೆ ಕೇಳು’ ಎಂದರೆ ಕಥೆ ಶಿಕ್ಷೆಯಾಯಿತು. ಆ ಪುಸ್ತಕವನ್ನು ಮಗು ಮತ್ತೆ ಮುಟ್ಟುವುದಿಲ್ಲ. ಮಗು ಹಸಿದಿಲ್ಲದ, ನಿದ್ದೆಗಣ್ಣಲ್ಲಿ ಇಲ್ಲದ, ಟಿವಿಯಲ್ಲಿ ಧಾರಾವಾಹಿ ಓಡದ ಹೊತ್ತು ಹುಡುಕಿ. ಹೆಚ್ಚಿನ ಮನೆಗಳಲ್ಲಿ ಅದು ರಾತ್ರಿ ಊಟವಾದ ಮೇಲೆ ಮಲಗುವ ಮುಂಚೆ ಸಿಗುತ್ತದೆ. ಹತ್ತು ನಿಮಿಷ ಸಾಕು, ಆದರೆ ದಿನಾ ಅದೇ ಹೊತ್ತು ಇರಲಿ. ಅಜ್ಜ ಅಜ್ಜಿ ಇದ್ದರೆ ಅವರೂ ಕೂರಲಿ.

ಹಂತ 5: ಓದಿ ಹೇಳುವುದು

ಮುಖಪುಟ ತೋರಿಸಿ, ಹೆಸರು ಓದಿ, ಚಿತ್ರ ನೋಡಲು ಬಿಡಿ. ‘ಇವತ್ತು ದಯೆ ಬಗ್ಗೆ ಒಂದು ಕಥೆ’ ಎಂದು ಶುರು ಮಾಡಬೇಡಿ. ‘ಈ ಹುಡುಗಿ ಯಾಕೆ ಒಬ್ಬಳೇ ಕೂತಿದಾಳೆ?’ ಎನ್ನಿ, ಅಷ್ಟೇ.

ನಿಧಾನವಾಗಿ ಓದಿ. ನಾವು ದೊಡ್ಡವರು ಅಕ್ಷರ ಮುಗಿದ ಕೂಡಲೇ ಪುಟ ತಿರುಗಿಸುತ್ತೇವೆ. ಮಗು ಓದುವುದು ಚಿತ್ರವನ್ನು, ಅದಕ್ಕೆ ಇನ್ನೂ ಸಮಯ ಬೇಕು. ಮಗುವಿನ ಕಣ್ಣು ಚಿತ್ರದಿಂದ ನಿಮ್ಮ ಮುಖದ ಕಡೆ ಬಂದಾಗ ತಿರುಗಿಸಿ.

ಮೊದಲ ಚೀಟಿ ಬಂದಾಗ ನಿಲ್ಲಿ. ಪ್ರಶ್ನೆ ಬೇಡ. ಚಿತ್ರದಲ್ಲಿ ಹುಲಿಗೆಮ್ಮನ ಮುಖದ ಮೇಲೆ ಬೆರಳಿಟ್ಟು ಸುಮ್ಮನಿರಿ. ಮಗು ಏನಾದರೂ ಹೇಳಿದರೆ ಅದೇ ಮಾತನ್ನು ಸ್ವಲ್ಪ ಬೆಳೆಸಿ ಹೇಳಿ. ‘ಅವ್ಳು ಅಳ್ತಿದಾಳೆ’ ಎಂದರೆ ‘ಹೂಂ ಕಣಪ್ಪ, ಎಲ್ಲರೂ ನಕ್ಕಿದ್ದಕ್ಕೆ ಅಳು ಬಂದಿದೆ’ ಎನ್ನಿ. ಅಮೆರಿಕದ ಸಂಶೋಧಕ ಗ್ರೋವರ್ ವೈಟ್‌ಹರ್ಸ್ಟ್ ಮತ್ತು ಜೊತೆಗಾರರು 1988ರಲ್ಲಿ ಎರಡು ವರ್ಷದ ಆಸುಪಾಸಿನ ಮಕ್ಕಳ ತಾಯ್ತಂದೆಯರಿಗೆ ಈ ರೀತಿ ಓದುವುದನ್ನು ಹೇಳಿಕೊಟ್ಟು ನೋಡಿದಾಗ ಮಕ್ಕಳ ಮಾತು ಚೆನ್ನಾಗಿ ಬೆಳೆದದ್ದು ಕಂಡಿತ್ತು. ಭಾವನೆಗೆ ಹೆಸರು ಸಿಗುವುದೂ ಇದೇ ದಾರಿಯಲ್ಲಿ. ಬೇಜಾರು, ನಾಚಿಕೆ, ಹೊಟ್ಟೆಕಿಚ್ಚು, ಭಯ, ಸಂಕೋಚ ಇವು ಬೇರೆ ಬೇರೆ ಎಂದು ಗೊತ್ತಾದ ಮಗು ಕಿರುಚುವ ಬದಲು ಹೇಳಲು ಶುರು ಮಾಡುತ್ತದೆ.

ಎರಡನೆಯ ಚೀಟಿಯಲ್ಲಿ ಒಂದು ಪ್ರಶ್ನೆ ಕೇಳಿ: ‘ಈಗ ಪುಟ್ಟಸ್ವಾಮಿ ಏನೇನು ಮಾಡಬಹುದು?’ ‘ಏನು ಮಾಡಬೇಕು?’ ಎಂದಲ್ಲ. ‘ಬೇಕು’ ಎಂದ ಕೂಡಲೇ ಮಗು ಸರಿಯುತ್ತರ ಹುಡುಕುತ್ತದೆ. ‘ಬಹುದು’ ಎಂದರೆ ಎಲ್ಲವನ್ನೂ ಹೇಳುತ್ತದೆ. ‘ಸುಮ್ನೆ ಊಟ ಮಾಡಬಹುದು’, ‘ಇನ್ನೂ ನಗಬಹುದು’, ‘ಬಾ ಅಂತ ಕರೀಬಹುದು, ಆದ್ರೆ ಬೇರೆಯವ್ರು ಅವನನ್ನೂ ಆಡ್ಕೋತಾರೆ’. ಈ ಕೊನೆಯ ಮಾತು ಬಂದರೆ ಚಿನ್ನ ಸಿಕ್ಕಿತು ಎಂದುಕೊಳ್ಳಿ. ದಯೆ ತೋರಲು ಮಗುವಿಗೆ ಏನು ಅಡ್ಡ ಬರುತ್ತಿದೆ ಎಂದು ಅದೇ ಹೇಳಿಬಿಟ್ಟಿತು. ಅಲ್ಲಿ ‘ಹಾಗೆಲ್ಲ ಹೆದರಬಾರದು’ ಎನ್ನಬೇಡಿ. ‘ಹೌದು, ಆಡ್ಕೋಬಹುದು. ಆಗ?’ ಎನ್ನಿ. ಉತ್ತರ ಬಂದರೂ ಸರಿ, ಬಾರದಿದ್ದರೂ ಸರಿ, ಪುಟ ತಿರುಗಿಸಿ.

‘ಇನ್ನೂ ನಗ್ತಾನೆ!’ ಎಂದು ಮಗು ತಾನೂ ನಕ್ಕರೆ ಗಾಬರಿಯಾಗಬೇಡಿ, ಗದರಬೇಡಿ. ‘ಆಗ ಹುಲಿಗೆಮ್ಮ ಏನು ಮಾಡ್ತಾಳೆ?’ ಎಂದು ಕೇಳಿ ಮುಂದಕ್ಕೆ ಹೋಗಿ. ಕಥೆಯೊಳಗೆ ಕೆಟ್ಟವನಾಗಿ ನೋಡುವುದಕ್ಕೂ ಮಗುವಿಗೆ ಅವಕಾಶ ಇರಲಿ. ನಿಜವಾದ ಬಿಸಿಯೂಟದ ಸಾಲಿಗಿಂತ ಇಲ್ಲಿ ಅದನ್ನು ಮಾಡಿನೋಡುವುದು ವಾಸಿ.

ಹಂತ 6: ಮುಗಿದ ಮೇಲೆ ಬಾಯಿ ಬಿಗಿಹಿಡಿಯಿರಿ

ಕೊನೆಯ ಪುಟ ಮುಗಿಯಿತು. ಈಗ ನಿಮ್ಮ ನಾಲಿಗೆಯ ತುದಿಗೆ ಬರುವ ಮೂರು ಮಾತುಗಳನ್ನು ನುಂಗಿಕೊಳ್ಳಿ: ‘ಇದರಿಂದ ಏನು ಗೊತ್ತಾಯ್ತು?’, ‘ನೋಡಿದ್ಯಾ, ಪುಟ್ಟಸ್ವಾಮಿ ಎಷ್ಟು ಒಳ್ಳೆಯವನು, ನೀನೂ ಇದೀಯ’, ‘ನಿನ್ನೆ ನೀನೂ ಹೀಗೇ ಮಾಡಿದ್ಯಲ್ಲ’. ಎರಡನೆಯದು ಎಲ್ಲಕ್ಕಿಂತ ಕೆಟ್ಟದ್ದು. ಅದುವರೆಗೆ ಪುಟ್ಟಸ್ವಾಮಿ ಗೆಳೆಯನಾಗಿದ್ದ, ಆ ಮಾತಿನ ನಂತರ ಅವನು ಪಕ್ಕದ ಮನೆಯ ಜಾಣ ಮಗುವಾಗುತ್ತಾನೆ, ಮಗು ಅವನನ್ನು ದ್ವೇಷಿಸುತ್ತದೆ.

ಪುಸ್ತಕವನ್ನು ಮಗುವಿನ ಕೈಗೆ ಕೊಟ್ಟು ಸುಮ್ಮನಿರಿ. ಅದು ಯಾವ ಪುಟಕ್ಕೆ ಹಿಂತಿರುಗುತ್ತದೆ ನೋಡಿ, ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ. ಮತ್ತೆ ಮತ್ತೆ ಕಂಬದ ಪಕ್ಕದ ಪುಟಕ್ಕೇ ಹೋದರೆ ಆ ಮಗುವೂ ಎಲ್ಲೋ ಒಬ್ಬಂಟಿಯಾಗಿ ಕೂತಿರಬಹುದು. ‘ಇನ್ನೊಂದ್ಸಲ’ ಎಂದರೆ ಇನ್ನೊಂದು ಸಲ ಓದಿ. ಎರಡನೆಯ ಓದಿನಲ್ಲಿ ನಿಲ್ಲಿಸುವುದೂ ಬೇಡ, ಕೇಳುವುದೂ ಬೇಡ.

ಹಂತ 7: ಕಥೆಯಿಂದ ಮನೆಯೊಳಕ್ಕೆ

ಎರಡು ಮೂರು ದಿನ ಬಿಡಿ. ಆಮೇಲೆ ಮಾಡಲು ಒಂದು ಸಣ್ಣ ಕೆಲಸ ಒದಗಿಸಿ. ಉಪದೇಶವಿಲ್ಲದೆ, ಕಥೆಯ ಹೆಸರು ಎತ್ತದೆ. ಹಬ್ಬದ ಹೋಳಿಗೆ ಮಾಡಿದ್ದರೆ ಪಕ್ಕದ ಮನೆಗೆ ಕೊಟ್ಟುಬರಲು ಮಗುವನ್ನೇ ಕಳಿಸಿ. ಆಟಕ್ಕೆ ಹೊಸ ಮಗು ಬಂದರೆ ‘ಅವಳಿಗೆ ಆಟ ಗೊತ್ತಿಲ್ಲ, ಯಾರು ಹೇಳಿಕೊಡ್ತೀರಿ?’ ಎಂದು ಕೇಳಿ ಬಿಟ್ಟುಬಿಡಿ. ಸಂಕೋಚದ ಮಗುವಿಗೆ ಅಂಗಡಿಯಲ್ಲಿ ತಾನೇ ಕೇಳಿ ಒಂದು ಪೆನ್ಸಿಲ್ ತರುವ ಕೆಲಸ ಕೊಡಿ. ನೀವು ಹತ್ತು ಹೆಜ್ಜೆ ಹಿಂದೆ ನಿಲ್ಲಿ, ಮಗು ತಡವರಿಸಿದ ಕೂಡಲೇ ಅದರ ಬದಲು ನೀವು ಮಾತಾಡಬೇಡಿ.

ಮಾಡಿದಾಗ ಹೇಗೆ ಮೆಚ್ಚಬೇಕು ಎಂಬುದರಲ್ಲಿ ಬಹಳ ಜನ ಎಡವುತ್ತಾರೆ. ‘ನೀನು ತುಂಬ ಒಳ್ಳೆ ಹುಡುಗಿ’, ‘ನೀನು ಜಾಣ’ ಎಂದು ಮಗುವಿಗೆ ಪಟ್ಟ ಕಟ್ಟಬೇಡಿ. ಅಮೆರಿಕದ ಮನೋವಿಜ್ಞಾನಿಗಳಾದ ಕ್ಲಾಡಿಯಾ ಮ್ಯೂಲರ್ ಮತ್ತು ಕ್ಯಾರಲ್ ಡ್ವೆಕ್ 1998ರಲ್ಲಿ ಪ್ರಕಟಿಸಿದ ಅಧ್ಯಯನಗಳಲ್ಲಿ ಐದನೇ ತರಗತಿಯ ಮಕ್ಕಳನ್ನು ಜಾಣರೆಂದು ಹೊಗಳಿದಾಗ, ಕಷ್ಟದ ಒಗಟುಗಳಲ್ಲಿ ಸೋತ ಮೇಲೆ ಅವರಿಗೆ ಮುಂದುವರಿಸುವ ಆಸೆ ಕುಗ್ಗಿತು. ಪ್ರಯತ್ನಕ್ಕೆ ಮೆಚ್ಚುಗೆ ಪಡೆದ ಮಕ್ಕಳಲ್ಲಿ ಆ ಆಸೆ ಹೆಚ್ಚು ಉಳಿಯಿತು. ಹಾಗಾಗಿ ನಡೆದದ್ದನ್ನೇ ಹೇಳಿ: ‘ಮೊದಲ್ನೇ ಸಲ ಅಂಗಡಿಯವರಿಗೆ ಕೇಳಿಸಲಿಲ್ಲ, ನೀನು ಇನ್ನೊಂದ್ಸಲ ಜೋರಾಗಿ ಕೇಳ್ದೆ’. ‘ಅವಳು ಒಬ್ಬಳೇ ನಿಂತಿದ್ಲು, ನೀನು ಹೋಗಿ ಕರೆದೆ. ಅವಳ ಮುಖ ನೋಡಿದ್ಯಾ?’ ಚಾಕೊಲೇಟು, ದುಡ್ಡು, ಸ್ಟಾರ್ ಯಾವುದೂ ಬೇಡ.

ಶಾಲೆ, ಅಂಗನವಾಡಿಯಲ್ಲಿ ಓದುವವರಿಗೆ ಬೇರೆಯಾಗಿ

ಸರ್ಕಾರಿ ಶಾಲೆಗಳ ನಲಿಕಲಿ ತರಗತಿಯಲ್ಲಿ 1ರಿಂದ 3ನೇ ತರಗತಿಯ ಮಕ್ಕಳು ಒಟ್ಟಿಗೆ ಕೂರುವುದರಿಂದ ಓದಿ ಹೇಳಲು ಅನುಕೂಲ, ದೊಡ್ಡವರು ಹೇಳಿದ್ದನ್ನು ಸಣ್ಣವರು ಹಿಡಿಯುತ್ತಾರೆ. ಒಂದು ಅಪಾಯವೂ ಇದೆ. ತರಗತಿಯಲ್ಲಿ ತೊದಲುವ ಮಗು ಒಂದೇ ಇದ್ದು, ನೀವು ತೊದಲುವ ಮಗುವಿನ ಕಥೆ ತಂದರೆ ಮೂವತ್ತು ತಲೆಗಳು ಒಮ್ಮೆಗೇ ಆ ಕಡೆ ತಿರುಗುತ್ತವೆ. ಮಗು ನೆಲಕ್ಕೆ ಇಳಿದುಹೋಗುತ್ತದೆ. ಅಂಥ ಕಡೆ ಮೊದಲು ಬೇರೊಂದು ಬೇರೆತನದ ಕಥೆ ಓದಿ: ಕನ್ನಡಕ, ಎತ್ತರ, ಆಡುಮಾತು, ಊಟ. ಬಿಸಿಯೂಟದಲ್ಲಿ ಕೆಲವರಿಗೆ ಮೊಟ್ಟೆ, ಕೆಲವರಿಗೆ ಬಾಳೆಹಣ್ಣು ಬರುತ್ತದೆ. ‘ನನ್ನ ತಟ್ಟೆ ಬೇರೆ, ನಿನ್ನ ತಟ್ಟೆ ಬೇರೆ, ಇಬ್ಬರೂ ಒಂದೇ ಸಾಲು’ ಎಂಬ ಕಥೆ ಎಲ್ಲ ಮಕ್ಕಳಿಗೂ ತಮ್ಮದೇ ಅನ್ನಿಸುತ್ತದೆ. ತೊದಲಿನ ಕಥೆ ಓದಲೇಬೇಕು ಎಂದಿದ್ದರೆ ಮೊದಲು ಆ ಮಗುವಿಗೆ ಮತ್ತು ಮನೆಯವರಿಗೆ ಮಾತ್ರ ಓದಿ ತೋರಿಸಿ ಕೇಳಿ. ಅವರು ಬೇಡ ಎಂದರೆ ಬೇಡ.

ಕಥೆಯಾದ ಮೇಲೆ ಪಾತ್ರ ಮಾಡಿಸುವುದಾದರೆ ಗೇಲಿಗೆ ಗುರಿಯಾಗುವ ಪಾತ್ರವನ್ನು ನಿಜಜೀವನದಲ್ಲಿ ಗೇಲಿಗೆ ಗುರಿಯಾಗುವ ಮಗುವಿಗೆ ಕೊಡಬೇಡಿ. ಅದನ್ನು ಮೇಡಮ್ಮೇ ಮಾಡಲಿ.

ಎಚ್ಚರಿಕೆಯ ಚಿಹ್ನೆಗಳು

ಮಗು ಉತ್ತರವನ್ನು ತೀರಾ ಬೇಗ, ತೀರಾ ಚೆನ್ನಾಗಿ ಹೇಳುತ್ತಿದ್ದರೆ ಅದು ಕಲಿತಿದೆ ಎಂದಲ್ಲ, ನಿಮ್ಮನ್ನು ಮೆಚ್ಚಿಸುತ್ತಿದೆ. ಪ್ರಶ್ನೆ ಕಡಿಮೆ ಮಾಡಿ. ಪುಸ್ತಕ ತೆಗೆದ ಕೂಡಲೇ ಎದ್ದುಹೋಗುತ್ತಿದ್ದರೆ ಓದು ಉಪದೇಶವಾಗಿದೆ. ಒಂದು ವಾರ ಬರೀ ನಗಿಸುವ ಕಥೆ ಓದಿ. ಒಂದು ಪುಟ ಬಂದಾಗಲೆಲ್ಲ ಕಿವಿ ಮುಚ್ಚಿಕೊಂಡರೆ, ಪುಸ್ತಕ ಬಚ್ಚಿಟ್ಟರೆ ಅಲ್ಲಿ ನಿಲ್ಲಿಸಿ. ಒತ್ತಾಯ ಮಾಡಬೇಡಿ, ಬೇರೆ ಹೊತ್ತಿನಲ್ಲಿ, ಅಡುಗೆ ಮಾಡುತ್ತಲೋ ನಡೆಯುತ್ತಲೋ, ‘ಆ ಪುಟ ಇಷ್ಟ ಇಲ್ವಾ ಕಂದ?’ ಎಂದು ಮೆತ್ತಗೆ ಕೇಳಿ.

ಪುಸ್ತಕದಿಂದ ಆಗದ ಕೆಲಸಗಳೂ ಇವೆ. ‘ನಾನು ಕೆಟ್ಟವಳು’, ‘ನಾನು ಇರಲೇಬಾರದಿತ್ತು’ ಎಂಬ ಮಾತು ಬಂದರೆ, ಶಾಲೆಗೆ ಹೋಗುವ ಹೊತ್ತಿಗೆ ದಿನಾ ಹೊಟ್ಟೆನೋವು ಬಂದರೆ, ಇದ್ದಕ್ಕಿದ್ದಂತೆ ಹಾಸಿಗೆ ಒದ್ದೆ ಮಾಡತೊಡಗಿದರೆ, ಯಾರಾದರೂ ಹೊಡೆದ ಅಥವಾ ಮುಟ್ಟಬಾರದ ಕಡೆ ಮುಟ್ಟಿದ ಸುಳಿವು ಸಿಕ್ಕರೆ ಕಥೆಯನ್ನು ಪಕ್ಕಕ್ಕಿಡಿ. ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ. ಮನಸ್ಸಿನ ಆರೋಗ್ಯಕ್ಕೆ ಟೆಲಿ ಮಾನಸ್ 14416 ಇದೆ, ಕರೆ ಉಚಿತ. ತೊದಲು, ಕಿವಿ ಕೇಳಿಸದಿರುವುದು, ವಯಸ್ಸಿಗೆ ತಕ್ಕಂತೆ ಮಾತು ಬಾರದಿರುವುದು ಇದ್ದರೆ ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಕರೆದುಕೊಂಡು ಹೋಗಿ. ಮಂಡ್ಯದಿಂದ ಬೆಳಗ್ಗೆ ಹೊರಟರೆ ಸಂಜೆಗೆ ವಾಪಸು ಬರಬಹುದು. ‘ಆತ್ಮವಿಶ್ವಾಸದ ಪುಸ್ತಕ ಓದಿದ್ರೆ ಸರಿಹೋಗುತ್ತೆ’ ಎಂದು ಕಾಯುತ್ತ ಕೂತರೆ ಮಗುವಿನ ವರ್ಷಗಳು ಹೋಗುತ್ತವೆ.

ಪುಸ್ತಕ ಯಾವಾಗ ಬದಲಿಸಬೇಕು

ಮಗು ಕಥೆಯ ಪಾತ್ರದ ಹೆಸರನ್ನು ಆಟದಲ್ಲಿ ತಾನಾಗಿ ಬಳಸಿದಾಗ, ಅಥವಾ ಪುಸ್ತಕದಲ್ಲಿಲ್ಲದ ಮುಂದಿನ ಭಾಗವನ್ನು ತಾನೇ ಕಟ್ಟಿ ಹೇಳಿದಾಗ ಪುಸ್ತಕ ಕೆಲಸ ಮಾಡುತ್ತಿದೆ ಎಂದು ತಿಳಿಯಿರಿ. ನಡತೆ ಅಷ್ಟು ಹೊತ್ತಿಗೆ ಪೂರ್ತಿ ಬದಲಾಗಿರಬೇಕೆಂದೇನಿಲ್ಲ. ಮೊದಲ ವಾರ ಬರೆದ ನೋಟ್‌ಬುಕ್ ತೆಗೆದು, ಈಗಿನ ಒಂದು ವಾರ ಬರೆದು, ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ‘ಕಿತ್ಕೊಂಡ’ ಎಂಬ ಕಡೆ ‘ಕಿತ್ಕೊಂಡ, ಆಮೇಲೆ ವಾಪಸ್ ಕೊಟ್ಟ’ ಎಂದು ಬಂದಿದ್ದರೂ ಸಾಕು, ಅದೇ ವಿಷಯದ ಎರಡನೆಯ ಪುಸ್ತಕ ತನ್ನಿ. ಏನೂ ಬದಲಾಗದಿದ್ದರೆ ವಿಷಯ ಬಿಡಬೇಡಿ, ಪುಸ್ತಕ ಮಾತ್ರ ಬದಲಿಸಿ 2ನೇ ಹಂತದಿಂದ ಮತ್ತೆ ಶುರು ಮಾಡಿ. ಗ್ರಂಥಾಲಯಕ್ಕೆ ಹಿಂತಿರುಗಿಸಲು ಹೋಗುವಾಗ ಮಗುವನ್ನೂ ಕರೆದುಕೊಂಡು ಹೋಗಿ, ಮುಂದಿನ ಪುಸ್ತಕಕ್ಕೆ ನೀವು ಮೂರು ಆರಿಸಿ ಮುಂದಿಡಿ, ಅದರಲ್ಲಿ ಒಂದನ್ನು ಅದೇ ಆರಿಸಲಿ.